ಮೈನಾಳ ಕಾಲ ಕೆಳಗಿನ ಮಾಳಿಗೆ

ನಮ್ಮ ಮನೆಯ ಬಟ್ಟೆ ಒಗೆಯುವ ಮಶೀನು ಕೆಟ್ಟರೆ ರಿಪೇರಿಯವನು ಮಶೀನನ್ನು ಆಮೇಲೆ ನೋಡುತ್ತಾನೆ, ಮೊದಲು ನನ್ನನ್ನು ನೋಡುತ್ತಾನೆ. ಹೋದ ಜೂನಿನಲ್ಲಿ ಅವನು ಕೊಳವೆಯೊಳಗೆ ಕೈ ಹಾಕಿ ಒಂದು ಹಿಡಿ ಕರಿಮಣ್ಣು ತೆಗೆದು ಹಳೆಯ ಪೇಪರಿನ ಮೇಲೆ ಸುರಿದ. "ಕಾಕಾ, ಶೇತೀ ಕರತಾ ಕಾ?" ಎಂದ. ಒಕ್ಕಲುತನ ಮಾಡುತ್ತೀರೇನು ಎಂದು. ಪುಣೆಯ ನಾಲ್ಕನೇ ಮಹಡಿಯಲ್ಲಿ ಎರಡು ಕುಂಡ ತುಳಸಿ ಬಿಟ್ಟರೆ ನನಗೆ ಬೇರೆ ಬೆಳೆ ಇಲ್ಲ. ನಾನು ಬಾಯಿ ತೆರೆಯುವ ಮೊದಲೇ ನನ್ನ ಹೆಂಡತಿ ಶಾಂತಾ, ಅವನಿಗೆ ತಿಳಿಯದಿರಲಿ, ನನಗೆ ತಿಳಿಯಲಿ ಎಂದು ಕನ್ನಡದಲ್ಲಿ ಹೇಳಿದಳು: "ಶೇತಿ ಅಲ್ಲ, ರೋಗ. ಖಿಸೇದಾಗ ಮಣ್ಣು ಇಟ್ಕೊಳ್ಳೂ ರೋಗ ಅದ ಇವರಿಗೆ."

ರೋಗವೇ ಸರಿ. ಮೊದಲ ಮಳೆ ಬಿತ್ತೆಂದರೆ ನನ್ನ ಕೈಯಲ್ಲಿ ಕೂತಲ್ಲಿ ಕೂಡಲಾಗುವುದಿಲ್ಲ. ಚಹಾದ ಕಪ್ಪನ್ನು ಅರ್ಧಕ್ಕೆ ಇಟ್ಟು ಕೆಳಗಿಳಿಯುತ್ತೇನೆ. ನೀರು ಎಲ್ಲಿಂದ ಬಂತು, ಎಲ್ಲಿಗೆ ಹೊರಟಿತು, ಎಲ್ಲಿ ನಿಂತಿತು, ಇಷ್ಟು ನೋಡಬೇಕು. ಅಲ್ಲೇ ಒಂದು ಚಿಟಿಕೆ ಮಣ್ಣೆತ್ತಿ ಬೆರಳಲ್ಲಿ ಉರುಟುತ್ತೇನೆ. ಗೋಲಿಯ ಹಾಗೆ ದುಂಡಗೆ ಬಂದರೆ ಎರೆಮಣ್ಣು. ಪುಡಿಯಾದರೆ ಅದರಲ್ಲಿ ಗರಸು, ಅಂದರೆ ಸಣ್ಣ ಕಲ್ಲಿನ ಮಣ್ಣು, ಬೆರೆತಿದೆ ಎಂದು ಲೆಕ್ಕ. ಆ ಗೋಲಿ ಯಾವಾಗ ಜೇಬಿಗೆ ಹೋಗುತ್ತದೋ ದೇವರಾಣೆಗೂ ನನಗೆ ಗೊತ್ತಾಗುವುದಿಲ್ಲ.

ಇದಕ್ಕಿಂತ ನಾಚಿಕೆಗೇಡಿನ ಪ್ರಸಂಗವೂ ನಡೆದಿದೆ, ಅದನ್ನೂ ಹೇಳಿಬಿಡುತ್ತೇನೆ. ಯೆರವಡಾದಲ್ಲಿ ಷಡ್ಡಕನ ಮಗಳ ಮದುವೆ. ಊಟದ ಪಂಕ್ತಿಯಲ್ಲಿ ಕೂತಿದ್ದೇನೆ, ಅಕಾಲದ ಮಳೆ ಶುರುವಾಯಿತು. ಹೋಳಿಗೆ ಬಡಿಸುವ ಹೊತ್ತಿಗೆ ನನ್ನ ಎಲೆಯ ಮುಂದೆ ನಾನಿಲ್ಲ. ಶಾಂತಾ ಹುಡುಕಿಕೊಂಡು ಬಂದಾಗ ಅಡಿಗೆಯ ಟೆಂಟಿನ ಹಿಂದೆ ಕುಕ್ಕರಗಾಲಲ್ಲಿ ಕೂತು ನೀರಿಗೆ ಕಾಲುವೆ ತೋಡುತ್ತಿದ್ದೆ. "ರೀ, ಅದು ಅನ್ನದ ಸೌಟರೀ!" ಎಂದು ಆಕೆ ಕೂಗಿದ್ದು ಬೀಗರಿಗೆಲ್ಲ ಕೇಳಿತು. ಇಂದಿಗೂ ಆ ಕಡೆಯವರು ನನಗೆ ಬಡಿಸುವಾಗ ಸೌಟನ್ನು ಒಮ್ಮೆ ನೋಡಿಕೊಳ್ಳುತ್ತಾರೆ.

ಈ ರೋಗ ನನಗೆ ಹತ್ತಿದ್ದು ಒಂದು ಕುದುರೆಯಿಂದ. ಹೆಣ್ಣು ಕುದುರೆ, ಕಂದು ಬಣ್ಣ, ಹೆಸರು ಮೈನಾ.

ಕುದುರೆಗೂ ನನಗೂ ಅಂಥ ಸಂಬಂಧವೇನೂ ಇರಲಿಲ್ಲ. ಹುಟ್ಟಿದ್ದು ವಿಜಾಪುರದ ಕಡೆ, ಎರೆಭೂಮಿಯ ಊರಿನಲ್ಲಿ. ಕುದುರೆಯ ಮೇಲೆ ಕೂತದ್ದು ಆಯುಷ್ಯದಲ್ಲಿ ಒಂದೇ ಸಲ, ನನ್ನ ಮದುವೆಯ ಮೆರವಣಿಗೆಯಲ್ಲಿ. ಬ್ಯಾಂಡಿನವರು ಜೋರಾಗಿ ಬಾರಿಸಿದರೋ, ಅದಕ್ಕೆ ನನ್ನ ತೂಕ ಹಿಡಿಸಲಿಲ್ಲವೋ, ಬಾಸಿಂಗ ಕಟ್ಟಿದ ನನ್ನನ್ನು ಹೊತ್ತು ಮಂಟಪವನ್ನು ದಾಟಿ ಸೀದಾ ಊರ ಬಾವಿಯ ಕಡೆಗೆ ಹೋಯಿತು. ನೀರು ಕುಡಿದು ತನಗೆ ಬೇಕೆಂದಾಗ ತಿರುಗಿ ಬಂತು. ಅಕ್ಷತೆಯ ಮುಹೂರ್ತ ತಪ್ಪಿದ್ದಕ್ಕೆ ಶಾಂತಾ ಈಗಲೂ ನನ್ನನ್ನು ದೂರುತ್ತಾಳೆಯೇ ಹೊರತು ಕುದುರೆಯನ್ನಲ್ಲ.

ಡಿಪ್ಲೊಮಾ ಮುಗಿಸಿ ಪುಣೆಗೆ ಬಂದ ಮೇಲೆ ನನ್ನ ಉದ್ಯೋಗ ನೆಲ ಹಾಕಿಸುವುದು. ತೊಂಬತ್ತರ ದಶಕದಲ್ಲಿ ರಾಂಜಣಗಾಂವದಲ್ಲಿ ಒಂದರ ಪಕ್ಕ ಒಂದು ಕಾರಖಾನೆಗಳು ಏಳುತ್ತಿದ್ದವು. ಮಶೀನು ಅಲುಗಾಡದ ಹಾಗೆ ಕೆಳಗಿನ ನೆಲವನ್ನು ಗಟ್ಟಿ ಮಾಡಿಕೊಡುವುದು ನನ್ನ ಕೆಲಸ. ಯಾರೋ ಪುಣ್ಯಾತ್ಮರು ಬಾಯಿಸಾಹೇಬರಿಗೆ ನನ್ನ ಹೆಸರು ಹೇಳಿದರು. ಕೊಂಢವಾದ ಆಚೆ, ಆಗಿನ್ನೂ ಬಯಲಾಗಿದ್ದ ಕಡೆ, ಅವರ ಜಮೀನಿತ್ತು. ಹತ್ತು ಕುದುರೆ ಸಾಕಿಕೊಂಡು ಮಕ್ಕಳಿಗೆ ಸವಾರಿ ಕಲಿಸುತ್ತಿದ್ದರು. ಅರವತ್ತರ ಮೇಲಿನ ಮರಾಠಿ ಹೆಂಗಸು, ಎತ್ತರದ ಆಳು, ಮಾತು ಕಡಿಮೆ. ಮಶೀನನ್ನು ನಿಲ್ಲಿಸಿದವನು ಕುದುರೆಯನ್ನು ನಡೆಸಲಾರನೇ ಎಂಬುದು ಅವರ ಎಣಿಕೆ.

ಮೈನಾ ರೇಸಿನ ಕುದುರೆಯಾಗಿತ್ತು. ಓಡುವಾಗ ಮುಂಗಾಲಿನ ನರ ಹರಿದು, ಇನ್ನು ಪ್ರಯೋಜನವಿಲ್ಲ ಎಂದು ಬಿಟ್ಟವರಿಂದ ಬಾಯಿಸಾಹೇಬರು ತಂದುಕೊಂಡಿದ್ದರು. ಎರಡು ವರ್ಷ ತಮ್ಮ ಕೈಯಿಂದಲೇ ಎಣ್ಣೆ ತಿಕ್ಕಿ, ಪಟ್ಟಿ ಸುತ್ತಿ, ಆ ಕಾಲನ್ನು ನೆಲಕ್ಕೆ ಊರುವ ಹಾಗೆ ಮಾಡಿದ್ದರು. ಇನ್ನು ಅದಕ್ಕೆ ಬೇಕಾದದ್ದು ದಿನಾ ನಡಿಗೆ, ಒಂದೇ ಸಮನಾದ ನೆಲದ ಮೇಲೆ. ಗಟ್ಟಿ ಇರಬಾರದು, ಕಾಲು ಹೂತುಹೋಗಬಾರದು, ಜಾರಬಾರದು. ಅವರ ಜಮೀನೋ, ಕರಿ ಎರೆ! ಬೇಸಿಗೆಯಲ್ಲಿ ಬಿರುಕಿನೊಳಗೆ ನನ್ನ ಕೈ ಮೊಳಕೈವರೆಗೆ ಹೋಗುತ್ತಿತ್ತು, ಮಳೆಗಾಲದಲ್ಲಿ ಇಟ್ಟ ಕಾಲು ಚಪ್ಪಲಿಯನ್ನು ಅಲ್ಲೇ ಬಿಟ್ಟು ಬರುತ್ತಿತ್ತು. ಅಂಥ ಜಾಗದಲ್ಲಿ ಅವರಿಗೊಂದು ರಿಂಗಣ ಬೇಕಿತ್ತು. ಕುದುರೆ ಸುತ್ತು ಹಾಕುವ ಬಯಲಿಗೆ ಅಲ್ಲಿಯವರು ರಿಂಗಣ ಅನ್ನುತ್ತಾರೆ.

"ಪಾವಸಾಳ್ಯಾತ ಸುದ್ಧಾ ಚಾಲಲೀ ಪಾಹಿಜೆ," ಎಂದರು ಬಾಯಿಸಾಹೇಬರು. ಮಳೆಗಾಲದಲ್ಲೂ ಮೈನಾ ನಡೆಯುವಂತಿರಬೇಕು.

ನಾನು ಎದೆ ತಟ್ಟಿಕೊಂಡೆ. ಈ ಮಣ್ಣಿನಲ್ಲೇ ಹುಟ್ಟಿ, ಇದನ್ನೇ ಆಡಿ, ಇದನ್ನೇ ತಿಂದು ಬೆಳೆದವನು ನಾನು, ನನಗೆ ಹೇಳಿಕೊಡಬೇಕೆ ಎಂದೆ. ಆ ಮಾತು ನೆನಪಾದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಕೆಲಸಕ್ಕೆ ಬಂದವರು ಸುರಪುರದ ಕಡೆಯ ಹನ್ನೆರಡು ಮಂದಿ, ಕೊಂಢವಾದ ತಗಡಿನ ಶೆಡ್ಡುಗಳಲ್ಲಿ ಇದ್ದವರು. ಅವರ ಮೇಸ್ತ್ರಿ ಸಾಬವ್ವ ಎಂಬ ಹೆಂಗಸು, ಐವತ್ತರ ಆಸುಪಾಸು. ಎಲೆಯಡಿಕೆ ಬಾಯಿ, ಸೊಂಟಕ್ಕೆ ಸಿಕ್ಕಿಸಿದ ಸೆರಗು, ಗಂಡಸರನ್ನು ಒಂದು ಕೆಮ್ಮಿನಿಂದ ಓಡಾಡಿಸುವ ದೇವರು. ಅವರೂ ಎರೆಯವರು, ನಾನೂ ಎರೆಯವನು. ಅಲ್ಲಿಯೇ ಎಡವಟ್ಟಾಯಿತು, ಸ್ವಲ್ಪ ಮಳೆ ಜಾಸ್ತಿ ಬೀಳುವ ಊರಿನ ಒಬ್ಬನಾದರೂ ನಮ್ಮ ನಡುವೆ ಇದ್ದಿದ್ದರೆ!

ಮೇ ತಿಂಗಳು. ಬಿರುಕುಗಳಿಗೆಲ್ಲ ಗರಸು ತುಂಬಿದೆವು, ರೋಲರ್ ಹೊಡೆಸಿದೆವು, ಮೇಲೆ ಉಸುಕು ಹಾಸಿದೆವು. ಚಂದ ಕಾಣುತ್ತಿತ್ತು. ಆಮೇಲೆ ಸುತ್ತಲಿನ ಅಂಚು ಮಾಡುವಾಗ ನಮ್ಮ ಕೈಗಳು ನಮ್ಮನ್ನು ಕೇಳದೆ ಕೆಲಸ ಮಾಡಿದವು. ನಾಲ್ಕೂ ಬದಿಗೆ ಮೊಣಕಾಲೆತ್ತರದ ಒಡ್ಡು ಹಾಕಿಬಿಟ್ಟವು.

ಇದನ್ನು ನಿಮಗೆ ತಿಳಿಸಿ ಹೇಳಬೇಕೆಂದರೆ ನನ್ನ ಅಪ್ಪನ ಬಗ್ಗೆ ಹೇಳಬೇಕು. ನಮ್ಮ ಕಡೆ ಮಳೆ ಎಂದರೆ ಅಪರೂಪದ ಬೀಗರು. ಬಂದವರನ್ನು ಹೊಲದಲ್ಲೇ ಕೂಡಿಸಿಕೊಳ್ಳಬೇಕು, ಹೋಗಗೊಡಬಾರದು. ಅದಕ್ಕೇ ಒಡ್ಡು. ಮೋಡ ಕಂಡರೆ ಸಾಕು, ಅಪ್ಪ ತಲೆಗೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಸಲಿಕೆ ಹಿಡಿದು ಓಡುತ್ತಿದ್ದ, ಹಿಂದೆ ನಾನು. ಒಡ್ಡಿನಲ್ಲಿ ಇಲಿಯ ತೂತು ಕಂಡರೂ ಅಪ್ಪ ತನ್ನ ಹಿಮ್ಮಡಿಯನ್ನೇ ಅದಕ್ಕೆ ಒತ್ತಿ ನಿಂತು, "ಮಣ್ಣ ತಾರಲೇ, ಮಣ್ಣ ತಾ!" ಎಂದು ಕಿರುಚುತ್ತಿದ್ದ. ಒಂದು ತಂಬಿಗೆ ನೀರು ಪಕ್ಕದ ಹೊಲಕ್ಕೆ ಹೋದರೆ ಎರಡು ದಿನ ಊಟ ರುಚಿಸುತ್ತಿರಲಿಲ್ಲ. ಹೊರಗೆ ಹರಿದು ಹೋಗುವ ನೀರು ಕಂಡರೆ ನನ್ನ ಹೊಟ್ಟೆಯಲ್ಲಿ ಏನೋ ಆಗುತ್ತದೆ. ಸಾಬವ್ವನ ಹೊಟ್ಟೆಯಲ್ಲೂ ಹಾಗೇ, ಉಳಿದ ಹನ್ನೊಂದು ಹೊಟ್ಟೆಗಳಲ್ಲೂ ಹಾಗೇ.

ಕೊನೆಯ ದಿನ ಸಾಬವ್ವ ಒಡ್ಡಿನ ಮೇಲೆ ನಿಂತು ಅಂಗೈ ತಟ್ಟಿದಳು. "ನೋಡ್ರಿ ಅಣ್ಣಾರ, ಒಂದ್ ಹನಿ ಹೊರಗ ಹೋಗಂಗಿಲ್ಲ!"

"ಭೇಷ್ ಸಾಬವ್ವಾ!" ಎಂದೆ ನಾನು. ಮನಸಾರೆ ಹೇಳಿದೆ. ಯಾರೂ ನಗಲಿಲ್ಲ. ಎಲ್ಲರಿಗೂ ಪೇಡೆ ಹಂಚಿದೆ.

ಜೂನಿನ ಎರಡನೇ ಮಳೆಗೆ ಬಾಯಿಸಾಹೇಬರ ಫೋನು ಬಂತು. ಪಕ್ಕದ ಮನೆಗೆ ಬರುವ ಫೋನು, ನಾನು ಬನಿಯನ್ನಿನಲ್ಲೇ ಓಡಿದೆ. ನನ್ನ ಹೆಸರು ಬಿಟ್ಟರೆ ಎರಡೇ ಶಬ್ದ: "ಗುರುಪಾದ, ತಳಂ ಝಾಲಂಯ." ಕೆರೆಯಾಗಿದೆ. ಹೋಗಿ ನೋಡುತ್ತೇನೆ, ಅಪ್ಪ ಇದ್ದಿದ್ದರೆ ಕಣ್ಣೀರು ಹಾಕಿ ಕೈಮುಗಿಯುವಂಥ ಕೆರೆ. ಒಂದು ಹನಿ ಹೊರಗೆ ಹೋಗಿಲ್ಲ. ಕಪ್ಪೆಗಳೂ ಬಂದಾಗಿತ್ತು.

ಒಡ್ಡು ಕಡಿದು ನೀರು ಬಿಟ್ಟೆವು. ಮೂರು ದಿನ ಬಿಸಿಲು ಬಿತ್ತು. ಮೇಲೆ ಉಸುಕು ಬೆಳ್ಳಗೆ ಒಣಗಿತು. ನಾನು ಅದರ ಮೇಲೆ ಬೂಟುಗಾಲಲ್ಲಿ ಎರಡು ಸುತ್ತು ಹಾಕಿ, "ಈಗ ಅಡ್ಡಿಯಿಲ್ಲ, ಮೆಲ್ಲಗೆ ನಡೆಸಿರಿ" ಎಂದುಬಿಟ್ಟೆ. ನಾನೇ ಅಂದೆ, ಬೇರೆ ಯಾರೂ ಅಲ್ಲ.

ಎರೆಯ ಗುಣ ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ನೀರು ಕುಡಿದರೆ ಅದು ಉಬ್ಬುತ್ತದೆ. ಉಬ್ಬಲು ಅದಕ್ಕಿದ್ದ ಬಿರುಕುಗಳನ್ನೆಲ್ಲ ನಾನು ಗರಸಿನಿಂದ ಜಡಿದು ಇಟ್ಟಿದ್ದೆ. ಜಾಗ ಸಿಗದ ಮಣ್ಣು ಮೇಲಕ್ಕೆದ್ದು, ಉಸುಕಿನ ಅಡಿಯಲ್ಲಿ ಅಲ್ಲೊಂದು ಇಲ್ಲೊಂದು ಸಾಬೂನಿನಂಥ ಗುಡ್ಡೆಯಾಗಿತ್ತು. ಮೈನಾ ಎಂಟನೆಯ ಹೆಜ್ಜೆಗೋ ಒಂಬತ್ತನೆಯದಕ್ಕೋ ಅಂಥ ಒಂದರ ಮೇಲೆ ಆ ಮುಂಗಾಲು ಇಟ್ಟಿತು. ಕಾಲು ಪಕ್ಕಕ್ಕೆ ಜಾರಿತು. ಬೀಳಲಿಲ್ಲ ಪಾಪ, ಹೇಗೋ ತಡೆದುಕೊಂಡಿತು. ಆದರೆ ಆ ಕಾಲನ್ನು ಮತ್ತೆ ಕೆಳಗೆ ಇಡಲೇ ಇಲ್ಲ. ಗೊರಸಿನ ತುದಿಯನ್ನಷ್ಟೇ ನೆಲಕ್ಕೆ ತಾಗಿಸಿ ಬಾಯಿಸಾಹೇಬರ ಕಡೆ ನೋಡುತ್ತ ನಿಂತಿತು.

ಡಾಕ್ಟರು ಬಂದು ನೋಡಿದರು. ಹಳೆಯ ಗಾಯವೇ ಮತ್ತೆ ತೆರೆದಿದೆ ಎಂದರು. ಬೇಸಿಗೆಯವರೆಗೆ ಕಟ್ಟಿಹಾಕಿ ಔಷಧ ಮಾಡಿರಿ. ಬರುವ ಮಳೆಗಾಲಕ್ಕೆ ನಾಲ್ಕು ಹೆಜ್ಜೆ ಸಮನಾಗಿ ಬಿದ್ದರೆ ಬದುಕಿತು. ಇದೇ ಕಾಲು ಮೂರನೇ ಸಲ ಹೋದರೆ ಅದನ್ನು ನರಳಿಸುವುದು ಬೇಡ, ನಾನೇ ಬಂದು ಇಂಜೆಕ್ಷನ್ ಕೊಡುತ್ತೇನೆ ಎಂದರು.

ಬಾಯಿಸಾಹೇಬರು ನನಗೆ ನಾಲ್ಕು ಬೈದಿದ್ದರೆ ಸಾಕಿತ್ತು. ಬೈಯಲಿಲ್ಲ. ಕುದುರೆ ಕಟ್ಟುವ ತಬೇಲೆಯ ಮುಂದಿನ ಬೆತ್ತದ ಕುರ್ಚಿ ಎಳೆದು, "ಬಸಾ," ಎಂದರು. ಕೂತುಕೊಳ್ಳಿ.

"ಹೋ, ಬಸತೋ," ಎಂದೆ, ಹೂಂ ಕೂಡುತ್ತೇನೆ ಎಂದು. ಕೂಡಲಿಲ್ಲ. ಆ ಕುರ್ಚಿಯನ್ನು ನೋಡಲಿಕ್ಕೂ ನನ್ನಿಂದಾಗಲಿಲ್ಲ. "ಬಾಯಿಸಾಹೇಬ, ರಿಂಗಣ ನಾನೇ ಮತ್ತೆ ಮಾಡುತ್ತೇನೆ" ಎಂದು ಮಾತ್ರ ಹೇಳಿ ಸ್ಕೂಟರ್ ಒದೆಯತೊಡಗಿದೆ. ಅದೂ ಹತ್ತನೇ ಒದೆತಕ್ಕೆ ಚಾಲೂ ಆಯಿತು.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಚಡಪಡಿಕೆ. ರಾಂಜಣಗಾಂವದಲ್ಲಿ ಕಾಂಕ್ರೀಟ್ ಹಾಕಿಸುತ್ತಿರುವಾಗ ಆಕಾಶದಲ್ಲಿ ಮೋಡ ಕಂಡರೆ ಎಸ್‌ಟಿಡಿ ಬೂತಿಗೆ ಓಡುತ್ತಿದ್ದೆ. "ಕಾಲು ಹೇಗಿದೆ?" ಎಂದು ಕೇಳಲು ಫೋನು ಮಾಡಿ, ಧೈರ್ಯ ಸಾಲದೆ, "ಅಲ್ಲಿ ಮಳೆ ಇದೆಯೇ?" ಎಂದು ಕೇಳಿ ಇಟ್ಟುಬಿಡುತ್ತಿದ್ದೆ. ಮೂರನೇ ಸಲಕ್ಕೆ ಬಾಯಿಸಾಹೇಬರು, ಮಳೆಯ ಸುದ್ದಿ ರೇಡಿಯೋದಲ್ಲೂ ಬರುತ್ತದೆ ಗುರುಪಾದ ಎಂದರು. ಊಟಕ್ಕೆ ಕೂತರೆ ಕಾಲು ತಾನಾಗಿ ಅಲುಗುತ್ತಿತ್ತು. "ಕಾಲ ಅಲಗಸಬ್ಯಾಡ್ರಿ, ದರಿದ್ರ ಬರ್ತದ," ಎನ್ನುತ್ತಿದ್ದಳು ಶಾಂತಾ. ಬಂದೇ ಬಿಟ್ಟಿದೆ, ಇನ್ನೆಲ್ಲಿಂದ ಬರಬೇಕು ಎಂದು ಸಿಡುಕುತ್ತಿದ್ದೆ.

ಜುಲೈಯಲ್ಲಿ ಒಂದು ಮಧ್ಯಾಹ್ನ ಸಾಬವ್ವನನ್ನು ಕರೆದುಕೊಂಡು ಹೋದೆ. ಮಳೆ ಸುರಿಯುತ್ತಿತ್ತು. ತಬೇಲೆಯ ಸೂರಿನ ಕೆಳಗೆ ನಿಂತು ನಾನು ರೇಗಾಡುತ್ತಿದ್ದೆ, ಮಣ್ಣಿಗೆ, ಮಳೆಗೆ, ಹಣೆಬರಹಕ್ಕೆ. ಒಳಗೆ ಮೈನಾ ಕಟ್ಟಿದಲ್ಲೇ ತಲೆಯನ್ನು ಆಚೆಗೊಮ್ಮೆ ಈಚೆಗೊಮ್ಮೆ ತೂಗುತ್ತಿತ್ತು. ಓಡಾಟ ತಪ್ಪಿದ ಕುದುರೆ ಹೀಗೇ ಮಾಡುತ್ತದಂತೆ. ಸಾಬವ್ವ ನಮ್ಮಿಬ್ಬರನ್ನೂ ನೋಡಿದಳು. ಆಮೇಲೆ ಎಲೆಯಡಿಕೆ ಉಗುಳಿ, ನೀರು ನಿಂತ ರಿಂಗಣದ ಕಡೆ ಕೈ ತೋರಿಸಿದಳು.

"ಅಣ್ಣಾರ, ತಪ್ಪ್ ನಮ್ದರೀ. ನಾವು ಹೊಲಾ ಮಾಡೀವಿ."

"ಮತ್ತೇನ ಮಾಡಬೇಕಿತ್ತು?"

"ಮಾಳಗಿ ಮಾಡಬೇಕಿತ್ತು."

ನನಗೆ ತಕ್ಷಣ ಹೊಳೆಯಲಿಲ್ಲ. "ಕುದರಿ ಮ್ಯಾಲ ಮಾಳಗಿ ಹಾಕತೀಯೇನು?" ಎಂದು ಹಾರಿಬಿದ್ದೆ.

"ಕುದರಿ ಮ್ಯಾಲ ಅಲ್ರೀ ಯಪ್ಪಾ, ಕಾಲ ಬುಡಕ! ನಿಮ್ಮ ಮನಿ ಮಾಳಗಿ ಮ್ಯಾಲ ಎಂದಾರ ನೀರ ನಿಂತದೇನು? ಅದೂ ಮಣ್ಣಽ ಅಲ್ಲೇನು?"

ಅಯ್ಯೋ ದೇವರೆ! ನಾನು ಮಾಳಿಗೆಯ ಮನೆಯಲ್ಲಿ ಹುಟ್ಟಿದವನು. ನಮ್ಮ ಕಡೆಯ ಮನೆಗಳಿಗೆ ಹೆಂಚಿಲ್ಲ. ತೊಲೆಯ ಮೇಲೆ ಜಂತಿ, ಜಂತಿಯ ಮೇಲೆ ತೊಗರಿ ಕಟ್ಟಿಗೆ, ಬೇವಿನ ಸೊಪ್ಪು, ಅದರ ಮೇಲೆ ಮೊಳ ದಪ್ಪದ ಮಣ್ಣು. ಮಳೆಗೆ ಮುಂಚೆ ಆಯಿ, ನನ್ನ ಅಜ್ಜಿ, ಮಾಳಿಗೆಯನ್ನು ಹತ್ತಿ ಬಿಳಿಯ ಸವಳು ಮಣ್ಣು ಹಾಸಿ, ನೀರು ಚಿಮುಕಿಸಿ, ಬಡಿದು ಬಡಿದು ಗಟ್ಟಿ ಮಾಡುತ್ತಿದ್ದಳು. ಎಲ್ಲ ಕಡೆಯಿಂದಲೂ ಇಳಿಜಾರು, ಮೂಲೆಯಲ್ಲಿ ನೀರು ಹೊರಗೆ ಬೀಳಲು ದೋಣಿ. ಅಲ್ಲಿ ನಾನು ಗೋಲಿಯಾಡಲು ಕುಳಿ ತೋಡಿದ್ದಕ್ಕೆ ಬಿದ್ದ ಹೊಡೆತ ಇನ್ನೂ ಬೆನ್ನಿಗೆ ನೆನಪಿದೆ. ಅದೇ ಮನೆಯಲ್ಲಿ ಅಪ್ಪ ನೀರನ್ನು ಹಿಡಿಯಲು ಹೊಲಕ್ಕೆ ಓಡುತ್ತಿದ್ದ, ಆಯಿ ನೀರನ್ನು ಓಡಿಸಲು ಮಾಳಿಗೆ ಏರುತ್ತಿದ್ದಳು. ನಾನು ಯಾವಾಗಲೂ ಅಪ್ಪನ ಹಿಂದೆಯೇ ಓಡಿದವನು. ಸಾಬವ್ವ ಮಾತ್ರ ಎರಡನ್ನೂ ಮರೆತಿರಲಿಲ್ಲ.

ಮಳೆಗಾಲ ಕಳೆದು, ಮಣ್ಣು ಹಸಿಯೂ ಅಲ್ಲದೆ ಒಣವೂ ಅಲ್ಲದೆ, ಬಿರುಕು ಬಾಯಿ ಬಿಡುವ ಮೊದಲು ಕೆಲಸಕ್ಕೆ ಕೈ ಹಾಕಿದೆವು. ಹಳೆಯದನ್ನೆಲ್ಲ ಕೆತ್ತಿ ಒಡ್ಡನ್ನು ಅಗೆದು ಹಾಕಿದೆವು. ಮೊದಲ ಸಲಿಕೆ ಹಾಕುವಾಗ ಒಬ್ಬ ಆಳು ಒಡ್ಡಿಗೆ ಕೈಮುಗಿದದ್ದನ್ನು ನಾನು ಕಂಡೂ ಕಾಣದಂತೆ ಇದ್ದೆ. ನೆಲವನ್ನು ಸುತ್ತಲಿನ ಜಮೀನಿಗಿಂತ ಎತ್ತರಕ್ಕೆ ಎತ್ತಿ, ಕಣ್ಣಿಗೆ ಕಾಣದಷ್ಟು ಇಳಿಜಾರು ಕೊಟ್ಟೆವು. ಅಂಚಿಗೆ ಕಾಲುವೆ ತೋಡಿ, ತೂತಿನ ಪೈಪು ಇಟ್ಟು, ಕಲ್ಲು ತುಂಬಿದೆವು. ಎರೆಯ ಮೇಲೆ ಕಾರಖಾನೆಯ ನೆಲಕ್ಕೆ ನಾನು ಹಾಸುತ್ತಿದ್ದ ದಪ್ಪ ಬಟ್ಟೆ ಹಾಸಿದೆವು. ಅದನ್ನು ನೋಡಿ ಸಾಬವ್ವ, "ಇದು ಬೇವಿನ ತೊಪ್ಪಲ ಅಲ್ಲೇನ್ರಿ?" ಎಂದಳು. ಹೌದು, ಅದೇ. ಅಲ್ಲಿ ಮೇಲಿನ ಮಣ್ಣು ಕೆಳಗೆ ಉದುರಬಾರದು, ಇಲ್ಲಿ ಕೆಳಗಿನ ಮಣ್ಣು ಮೇಲೆ ಏರಬಾರದು. ಬಟ್ಟೆಯ ಮೇಲೆ ಕಲ್ಲು, ಅದರ ಮೇಲೆ ಗರಸು. ಒಂದೊಂದು ಪದರಕ್ಕೂ ನೀರು ಚಿಮುಕಿಸಿ ರೋಲರ್ ಹೊಡೆಸಿ, ರೋಲರ್ ಸಾಲದೆಂದು ಅಂಚುಗಳನ್ನು ಸಾಬವ್ವನ ಹೆಂಗಸರು ಕೈಯಿಂದಲೇ ಬಡಿದರು. ಕೊನೆಗೆ ಮೂರು ಬೆರಳಿನಷ್ಟು ಉಸುಕು. ಕೆಳಗಿನ ಮೂಲೆಯಲ್ಲಿ ಪೈಪಿನ ಬಾಯಿ. ಅದನ್ನು ಎಲ್ಲರೂ ದೋಣಿ ಎಂದೇ ಕರೆದರು.

ಬೇಸಿಗೆಯಲ್ಲಿ ಮೈನಾಳನ್ನು ಅದರ ಮೇಲೆ ಮೆಲ್ಲಗೆ ನಡೆಸಿದರು. ಮೊದಲು ಹತ್ತು ಹೆಜ್ಜೆ, ಆಮೇಲೆ ಒಂದು ಸುತ್ತು. ಉಸುಕಿಗೆ ದಿನಾ ನೀರು ಹೊಡೆದು ತಂಪಾಗಿ ಇಡುತ್ತಿದ್ದರು. ನಾನು ವಾರಕ್ಕೆರಡು ಸಲ ಹೋಗುತ್ತಿದ್ದೆ. ಹೋದಾಗಲೆಲ್ಲ ಆ ಬೆತ್ತದ ಕುರ್ಚಿ, ಅದೇ "ಬಸಾ", ಅದೇ "ಹೋ, ಬಸತೋ". ಚಹಾವನ್ನು ನಿಂತೇ ಕುಡಿದು ಅಂಚಿನಲ್ಲಿ ಓಡಾಡುತ್ತ ಮಣ್ಣು ಉರುಟುತ್ತಿದ್ದೆ. ಜೇಬಿಗೆ ಗೋಲಿ ಬೀಳತೊಡಗಿದ್ದು ಆಗಲೇ. ಬೇಸಿಗೆಯಲ್ಲಿ ಯಾವ ನೆಲವೂ ಒಳ್ಳೆಯದೇ. ಮಳೆ ಬರಲಿ ಎಂದು ಕಾಯುತ್ತಿದ್ದೆ, ಬಾರದಿರಲಿ ಎಂದೂ ಬೇಡುತ್ತಿದ್ದೆ.

ಜೂನಿನಲ್ಲಿ ಮಳೆ ಬಂತು. ಎರಡು ದಿನ ಎಡೆಬಿಡದೆ ಹೊಡೆಯಿತು. ಮೂರನೆಯ ಬೆಳಗ್ಗೆ ತುಂತುರಿನಲ್ಲೇ ಸ್ಕೂಟರ್ ತೆಗೆದುಕೊಂಡು, ಕೊಂಢವಾದಲ್ಲಿ ಸಾಬವ್ವನನ್ನು ಹಿಂದೆ ಕೂಡಿಸಿಕೊಂಡು ಹೋದೆ. ಬಾಯಿಸಾಹೇಬರು ಛತ್ರಿ ಹಿಡಿದು ನಿಂತಿದ್ದರು. ಡಾಕ್ಟರೂ ಬಂದಿದ್ದರು. ಅವರ ಕೈಯಲ್ಲಿದ್ದ ಬ್ಯಾಗು ಮೊದಲು ನನ್ನ ಕಣ್ಣಿಗೆ ಬಿತ್ತು.

ಸಾಬವ್ವ ಕುದುರೆಯ ಕಡೆ ನೋಡಲೇ ಇಲ್ಲ. ಸೀದಾ ಮೂಲೆಗೆ ಹೋಗಿ ದೋಣಿಯ ಮುಂದೆ ಕುಕ್ಕರಿಸಿದಳು. ಬೀಳುವ ನೀರಿಗೆ ಬೊಗಸೆಯೊಡ್ಡಿ, ಎತ್ತಿ ಬೆಳಕಿಗೆ ಹಿಡಿದಳು. ನೀರು ಕದಡಿದ್ದರೆ ಒಳಗಿನ ಮಣ್ಣು ತೊಳೆದು ಹೋಗುತ್ತಿದೆ ಎಂದರ್ಥ, ಮಾಳಿಗೆ ಸೋರುವ ಮೊದಲು ಆಯಿಯೂ ಹಾಗೇ ನೋಡುತ್ತಿದ್ದಳು.

"ಅಣ್ಣಾರ! ತಿಳಿ ನೀರು ಬರಾಕತ್ತಾವ! ತಿಳೀ!" ಎಂದು ಸಾಬವ್ವ ಕೂಗಿದಳು.

ಮೈನಾಳನ್ನು ಹೊರಗೆ ತಂದರು. ರಿಂಗಣದ ಅಂಚಿನಲ್ಲಿ ಅದು ನಿಂತಿತು. ಕತ್ತು ಬಗ್ಗಿಸಿ ಒದ್ದೆ ಉಸುಕನ್ನು ಮೂಸಿತು, ಹಿಂದಿನ ವರ್ಷದ್ದು ಮರೆತಿರಲಿಲ್ಲ. ನಾನು ಕಣ್ಣು ಮುಚ್ಚಿಕೊಂಡೆ. ಕುಂಟುವ ಕುದುರೆಯನ್ನು ಕಣ್ಣಿಗಿಂತ ಕಿವಿಯಿಂದ ಬೇಗ ಹಿಡಿಯಬಹುದು ಎಂದು ಡಾಕ್ಟರು ಒಮ್ಮೆ ಹೇಳಿದ್ದರು. ನಾಲ್ಕು ಪೆಟ್ಟಿನಲ್ಲಿ ಒಂದು ಹಗುರವಾಗಿ ಬೀಳುತ್ತದೆ ಎಂದು.

ನಡಿಗೆ ಶುರುವಾಯಿತು. ಒಂದು, ಎರಡು, ಮೂರು, ನಾಲ್ಕು. ಎಂಟನೆಯ ಹೆಜ್ಜೆಗೆ ನನ್ನ ಉಗುರು ನನ್ನದೇ ಅಂಗೈಗೆ ನೆಟ್ಟಿತ್ತು. ಒಂಬತ್ತಾಯಿತು. ಹತ್ತಾಯಿತು. ಒಂದು ಸುತ್ತು ಮುಗಿಯಿತು. ಡಾಕ್ಟರು, "ಆತಾ ಜರಾ ಪಳವಾ," ಎಂದರು, ಈಗ ಸ್ವಲ್ಪ ಓಡಿಸಿರಿ. ಬೇಡ ಎನ್ನಲು ಬಾಯಿ ತೆರೆಯುವಷ್ಟರಲ್ಲಿ ಮೈನಾ ಓಡತೊಡಗಿತು. ಧಪ್ ಧಪ್, ಧಪ್ ಧಪ್. ಕೇಳಿದೆ, ಮತ್ತೆ ಕೇಳಿದೆ. ಯಾವುದೂ ಹಗುರವಿರಲಿಲ್ಲ. ಎಲ್ಲ ಸಮ. ನನ್ನ ಮುಂದೆ ಹಾದು, ಬಿಸಿ ಉಸಿರು ಬಿಟ್ಟು, ತಿರುಗಿ ಮತ್ತೆ ಬಂತು. ಕಣ್ಣು ತೆರೆದಾಗ ಡಾಕ್ಟರು ಬ್ಯಾಗನ್ನು ತೆರೆಯದೆಯೇ ಜೀಪಿನೊಳಗೆ ಇಡುತ್ತಿದ್ದರು. ಬಾಯಿಸಾಹೇಬರ ಛತ್ರಿ ಯಾವಾಗಲೋ ಕೆಳಗೆ ಬಿದ್ದು ಗಾಳಿಗೆ ಉರುಳುತ್ತಿತ್ತು.

ಆಗ ನನ್ನ ಕಾಲುಗಳಿಗೆ ಏನಾಯಿತೋ. ವರ್ಷವಿಡೀ ನಿಂತದ್ದು, ಓಡಿದ್ದು, ಅಲುಗಿದ್ದು ಎಲ್ಲ ಒಟ್ಟಿಗೆ ಕಳಚಿಬಿತ್ತು. ರಿಂಗಣದ ಹೊರಗಿನ ಹಸಿ ಎರೆಯಲ್ಲಿ, ಇದ್ದಲ್ಲಿಯೇ, ಧೊಪ್ಪನೆ ಕೂತುಬಿಟ್ಟೆ. ಕೆಸರು ಪ್ಯಾಂಟಿನೊಳಗೆ ಇಳಿಯುತ್ತಿತ್ತು, ಕಣ್ಣಿನಿಂದಲೂ ಏನೋ ಇಳಿಯುತ್ತಿತ್ತು, ಏಳಬೇಕು ಎಂದು ಅನ್ನಿಸಲೇ ಇಲ್ಲ.

ಬಾಯಿಸಾಹೇಬರು ತಿರುಗಿ ನೋಡಿದರು. ಆ ಹೆಂಗಸು ನಕ್ಕದ್ದನ್ನು ನಾನು ಕಂಡದ್ದು ಅಂದೇ ಮೊದಲು. ತಬೇಲೆಯ ಮುಂದೆ ಇನ್ನೂ ಖಾಲಿ ಇದ್ದ ಬೆತ್ತದ ಕುರ್ಚಿಯ ಕಡೆ ಕೈ ತೋರಿಸಿ, "ಅಹೋ ಗುರುಪಾದ," ಎಂದರು, "ಖುರ್ಚೀ ಆಹೇ ನಾ!"